ಕೇಪಿನ ಬಂದೂಕು: ತುಂಬುವ ಮುಂಚೆ ಗಜ ಇಳಿಸಿ ನೋಡಿ

ನಮ್ಮಪ್ಪನ ಎಡಗೈಯಲ್ಲಿ ಹೆಬ್ಬೆರಳು ಇರಲಿಲ್ಲ. ಚಿಕ್ಕವನಿದ್ದಾಗ ಅದನ್ನು ಕಾಡುಹಂದಿ ಕಡಿದಿದೆ ಅಂತಲೇ ತಿಳಿದಿದ್ದೆ. ಏಳನೇ ಕ್ಲಾಸು ಮುಗಿಸಿ, ಸ್ಕೂಲು ಬಿಟ್ಟು, ಕಡಲೇಕಾಯಿ ಹೊಲದ ಕಾವಲಿಗೆ ಹೋಗಲು ಶುರು ಮಾಡಿದ ವರ್ಷ ಅಪ್ಪನೇ ಬಾಯಿ ಬಿಟ್ಟರು. "ಹಂದಿ ಅಲ್ಲ ಕಣಪ್ಪಾ, ಬಂದೂಕೇ ತಿಂದದ್ದು." ಒಂದು ಈಡು ಹೊಡೆದ ಕೂಡಲೇ, ಅವಸರದಲ್ಲಿ, ಮದ್ದಿನ ಕೊಂಬನ್ನೇ ನಳಿಗೆಯ ಬಾಯಿಗೆ ಹಿಡಿದು ಸುರಿದಿದ್ದರಂತೆ. ತಳದಲ್ಲಿ ಹಿಂದಿನ ಈಡಿನ ಒಂದು ಕಿಡಿ ಉಳಿದಿತ್ತು. ಹೆಬ್ಬೆರಳು ಹೋಯಿತು, ಕಣ್ಣು ಉಳಿಯಿತು. ಹಂದಿಗಳು ಆ ರಾತ್ರಿಯೇ ವಾಪಸ್ ಬಂದು ಮೇದು ಹೋದವು.

ಆ ಬಂದೂಕು ಈಗ ನನ್ನ ಹೆಸರಿನಲ್ಲಿದೆ. ನಮ್ಮದು ಚಿತ್ರದುರ್ಗ ಜಿಲ್ಲೆಯ ಮಳೆ ನಂಬಿದ ಊರು. ಒಂದು ಕಡೆ ಮಾರಿಕಣಿವೆ ಕಡೆಯ ಕುರುಚಲು ಕಾಡು, ಇನ್ನೊಂದು ಕಡೆ ನಮ್ಮ ಕಡಲೇಕಾಯಿ, ರಾಗಿ, ಸಾವೆ. ಮಧ್ಯೆ ಹಂದಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸು ಪಡೆದ ಇಂಥ ಬಂದೂಕುಗಳು ನಮ್ಮ ಸೀಮೆಯಲ್ಲಿ, ಮಲೆನಾಡಿನಲ್ಲಿ, ಕರಾವಳಿಯಲ್ಲಿ ಎಷ್ಟೋ ಮನೆಗಳಲ್ಲಿವೆ. ಆದರೆ ಅದನ್ನು ಸರಿಯಾಗಿ ತುಂಬುವುದು ಹೇಗೆ ಅಂತ ಕಲಿಸುವವರಿಲ್ಲ. ಅಪ್ಪ ಮಾಡಿದ್ದನ್ನು ಮಗ ನೋಡಿ ಮಾಡುತ್ತಾನೆ. ಅಪ್ಪನ ತಪ್ಪೂ ಮಗನಿಗೆ ಬರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಲೈಸೆನ್ಸು ಇರುವವರು ಓದಿ ಪಾಲಿಸಿ. ಇಲ್ಲದವರು ಓದಿ, ಆದರೆ ಮುಟ್ಟಬೇಡಿ.

ಯಾವ ಬಂದೂಕಿನ ಮಾತು?

ತೋಟಾ ಬಂದೂಕು ಬೇರೆ, ಕೇಪಿನ ಬಂದೂಕು ಬೇರೆ. ತೋಟಾ ಬಂದೂಕನ್ನು ಹಿಂದಿನಿಂದ ಮಡಚಿ, ಕಂಪನಿಯವರು ತುಂಬಿ ಕೊಟ್ಟ ತೋಟಾ ಹಾಕುತ್ತಾರೆ. ಕೇಪಿನ ಬಂದೂಕಿನ ಹಿಂಬದಿ ಮುಚ್ಚಿರುತ್ತದೆ. ಮದ್ದು, ಬಿರಡೆ, ಚರೆ ಎಲ್ಲ ಮುಂದಿನ ಬಾಯಿಂದಲೇ ಇಳಿಯಬೇಕು. ಮಲೆನಾಡಿನವರು ಇದನ್ನೇ ಕೇಪಿನ ಕೋವಿ ಅನ್ನುತ್ತಾರೆ.

ಇದರ ಭಾಗಗಳು ಕಡಿಮೆ. ಉದ್ದನೆ ನಳಿಗೆ. ನಳಿಗೆಯ ಕೆಳಗೆ ಸಿಕ್ಕಿಸಿದ ಕಡ್ಡಿ, ಅದೇ ಗಜ. ಹಿಂದೆ ಎತ್ತಿ ಬೀಳಿಸುವ ಕುದುರೆ. ಕುದುರೆ ಬಂದು ಬಡಿಯುವ ಜಾಗದಲ್ಲಿ ಸಣ್ಣ ತೂತಿರುವ ನಿಪ್ಪಲ್. ಕೆಳಗೆ ಟ್ರಿಗ್ಗರ್. ನಿಪ್ಪಲ್ ಮೇಲೆ ಟೊಪ್ಪಿಗೆ ಹಾಗೆ ಕೂರುವ ತಾಮ್ರದ ಪುಟ್ಟ ಬಟ್ಟಲೇ ಕೇಪು. ಅದರ ತಳದಲ್ಲಿ ಚಿಟಿಕೆಗಿಂತ ಕಡಿಮೆ ಸಿಡಿಮದ್ದು ಅಂಟಿರುತ್ತದೆ. ಕುದುರೆ ಬಡಿದರೆ ಅದು ಚಿಟ್ಟನೆ ಸಿಡಿದು, ಬೆಂಕಿ ತೂತಿನ ಮೂಲಕ ಒಳಗಿನ ಮದ್ದಿಗೆ ಹೋಗುತ್ತದೆ. ಮದ್ದು ಉರಿದು ಹೊಗೆಯಾಗಿ ಹಿಗ್ಗುತ್ತದೆ. ಆ ಒತ್ತಡ ಚರೆಯನ್ನು ಹೊರಗೆ ದೂಡುತ್ತದೆ. ಇಷ್ಟೇ ಇದರ ಯಂತ್ರ.

ಕೇಪು ಬರುವುದಕ್ಕೆ ಮುಂಚೆ ಚಕಮಕಿ ಕಲ್ಲಿನ ಬಂದೂಕು ಇತ್ತು. ಮಳೆ ಬಂದರೆ ಅದು ಹೊತ್ತುತ್ತಿರಲಿಲ್ಲ. ಕಲ್ಲಿನ ಕಿಡಿ ಕಂಡು ಹಕ್ಕಿಗಳು ಹಾರಿಹೋಗುತ್ತಿದ್ದವು. ಸ್ಕಾಟ್ಲೆಂಡಿನಲ್ಲಿ ಅಲೆಕ್ಸಾಂಡರ್ ಫಾರ್ಸಿತ್ ಎಂಬ ಪಾದ್ರಿಗೆ ಹಕ್ಕಿ ಬೇಟೆಯ ಹುಚ್ಚು. ಅವರು ಬಡಿದರೆ ಸಿಡಿಯುವ ಮದ್ದಿನಿಂದ ಬಂದೂಕು ಹೊತ್ತಿಸುವ ಉಪಾಯ ಕಂಡುಹಿಡಿದು 1807ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಬಂದದ್ದು ತಾಮ್ರದ ಕೇಪು. 1857ರ ದಂಗೆಗೆ ಕಾರಣವಾದ ಎನ್‌ಫೀಲ್ಡ್ ಬಂದೂಕೂ ಕೇಪಿನದೇ. ಅದೇ ವರ್ಷ ಜನ ಆಯುಧ ಇಟ್ಟುಕೊಳ್ಳಬಾರದು ಅಂತ ಬ್ರಿಟಿಷರು ಹುಕುಂ ಮಾಡಿದಾಗ ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪಲಿಲ್ಲ. ಊರಿಗೆ ಬೆಂಕಿ ಬಿತ್ತು, ಗಂಡಸರಿಗೆ ನೇಣು ಬಿತ್ತು. ಆ ಲಾವಣಿ ಕೇಳದ ಕನ್ನಡಿಗರು ಕಡಿಮೆ. ಅಷ್ಟು ಹಳೆಯ ವಿದ್ಯೆ ನಮ್ಮ ಮನೆಯ ಮೂಲೆಯಲ್ಲಿ ಇನ್ನೂ ನಿಂತಿದೆ.

ಮದ್ದಿನ ವಿಚಾರ

ಈ ಬಂದೂಕಿಗೆ ಕರಿಮದ್ದು ಒಂದೇ. ಲೈಸೆನ್ಸು ಇರುವ ಅಂಗಡಿಯಿಂದ, ನಿಮ್ಮ ಲೈಸೆನ್ಸಿನಲ್ಲಿ ಬರೆದಷ್ಟೇ ತನ್ನಿ, ರಸೀದಿ ಇಟ್ಟುಕೊಳ್ಳಿ.

ತೋಟಾ ಬಿಚ್ಚಿ ಅದರ ಹೊಗೆಯಿಲ್ಲದ ಮದ್ದು ತೆಗೆದು ಹಾಕುವವರಿದ್ದಾರೆ. ಅದು ಮಹಾ ಅಪಾಯ. ಅಷ್ಟೇ ಅಳತೆಯ ಆ ಮದ್ದು ಕರಿಮದ್ದಿನ ಎಷ್ಟೋ ಪಟ್ಟು ಒತ್ತಡ ಕೊಡುತ್ತದೆ. ನಮ್ಮ ಹಳೇ ನಳಿಗೆ ಅದನ್ನು ತಡೆಯುವುದಿಲ್ಲ, ಸೀಳುತ್ತದೆ. ಪಟಾಕಿ ಮದ್ದೂ ಬೇಡ, ಬೆಂಕಿಕಡ್ಡಿ ತಲೆ ಕೆರೆದು ತೆಗೆದದ್ದೂ ಬೇಡ. ಅವು ಉರಿಯುವ ರೀತಿಯೇ ಬೇರೆ, ಉಜ್ಜಿದರೆ ಸಾಕು ಸಿಡಿಯುತ್ತವೆ. ಗಜದಿಂದ ಜಡಿಯುವಾಗಲೇ ಕೈ ಹೋದೀತು. ಮನೆಯಲ್ಲಿ ಮದ್ದು ಅರೆಯುವ ಯೋಚನೆಯೂ ಬೇಡ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ವಿರುದ್ಧ.

ಮದ್ದನ್ನು ಅದು ಬಂದ ಡಬ್ಬಿಯಲ್ಲೇ, ಒಲೆಯಿಂದ ದೂರ, ಬೀಗದೊಳಗೆ ಇಡಿ. ಕೇಪನ್ನು ಅದರ ಜೊತೆಗೆ ಇಡಬೇಡಿ, ಬೇರೆ ಪೆಟ್ಟಿಗೆ. ತುಂಬುವಾಗ ಬೀಡಿ, ಬೆಂಕಿ, ಲಾಂದ್ರ ಹತ್ತಿರ ಸುಳಿಯಕೂಡದು. ಬ್ಯಾಟರಿ ಬೆಳಕು ಸಾಕು.

ಗಜದ ಮೇಲೆ ಎರಡು ಗೆರೆ

ನನ್ನ ತಪ್ಪನ್ನೂ ಹೇಳಬೇಕು. ಮದುವೆಯಾದ ಹೊಸತು. ಒಂದು ರಾತ್ರಿ ತುಂಬಿದ ಬಂದೂಕು ಹೊಡೆಯುವ ಸಂದರ್ಭ ಬರಲಿಲ್ಲ. ಬೆಳಿಗ್ಗೆ ಕೇಪು ತೆಗೆದು ಗೂಟಕ್ಕೆ ನೇತುಹಾಕಿದೆ. ಕೇಪು ಇಲ್ಲವಲ್ಲ, ಏನಾಗುತ್ತೆ ಅಂತ. ಹತ್ತು ದಿನ ಜಡಿ ಮಳೆ. ಹನ್ನೊಂದನೇ ದಿನ ಹಂದಿ ಸುದ್ದಿ ಬಂತು. ಬಂದೂಕು ಖಾಲಿ ಅಂತ ತಿಳಿದು ಮತ್ತೆ ಮದ್ದು ಹಾಕಿದೆ, ಚರೆ ಹಾಕಿದೆ. ಕೇಪು ಇಡುವ ಹೊತ್ತಿಗೆ ಚಿಕ್ಕಪ್ಪ ಬಂದರು. ಏನೂ ಮಾತಾಡದೆ ಗಜ ಕಿತ್ತು ನಳಿಗೆಗೆ ಇಳಿಸಿದರು. "ನೋಡು, ಗಜ ಎಷ್ಟು ಹೊರಗೆ ನಿಂತೈತೆ. ಇದರಾಗೆ ಎರಡು ಈಡು ಐತೆ. ಮನೇಲಿ ಹೊಸ ಹೆಣ್ಣುಮಗಳು ಐತೆ, ಗ್ಯಾನ ಇರಲಿ" ಅಂದರು. ನನ್ನ ಕೈ ನಡುಗಿತು.

ಆವತ್ತಿನಿಂದ ಗಜದ ಮೇಲೆ ಎರಡು ಗೆರೆ ಕೊರೆದಿದ್ದೇನೆ. ನೀವೂ ಮಾಡಿ. ಬಂದೂಕು ಖಾಲಿ ಇರುವಾಗ ಗಜವನ್ನು ತಳ ಮುಟ್ಟುವ ತನಕ ಇಳಿಸಿ, ನಳಿಗೆಯ ಬಾಯಿ ಸಮಕ್ಕೆ ಒಂದು ಗೆರೆ. ಸರಿಯಾಗಿ ಒಂದು ಈಡು ತುಂಬಿದ ಮೇಲೆ, ಕೇಪು ಇಡುವ ಮುಂಚೆ, ಮತ್ತೆ ಇಳಿಸಿ ಎರಡನೇ ಗೆರೆ. ನನ್ನ ಬಂದೂಕಿನಲ್ಲಿ ಎರಡು ಗೆರೆಗಳ ನಡುವೆ ಮೂರು ಬೆರಳಿನ ಅಂತರ ಇದೆ. ಮೊದಲ ಗೆರೆ ಬಾಯಿ ಸಮಕ್ಕೆ ಬಂದರೆ ಖಾಲಿ. ಎರಡನೆಯದು ಬಂದರೆ ತುಂಬಿದೆ. ಎರಡನೆಯದೂ ಮೇಲೆ ನಿಂತರೆ ಏನೋ ತಪ್ಪಾಗಿದೆ, ಹೊಡೆಯಕೂಡದು. ಓದು ಬರಹ ಬಾರದವರಿಗೂ ಇದು ತಿಳಿಯುತ್ತದೆ. ಬಂದೂಕು ಕೈಗೆ ತೆಗೆದುಕೊಂಡ ಪ್ರತಿ ಸಲ ಮೊದಲ ಕೆಲಸ ಇದೇ ಆಗಬೇಕು, ನಿನ್ನೆ ನೀವೇ ಖಾಲಿ ಮಾಡಿ ಇಟ್ಟಿದ್ದರೂ ಸರಿ. ಗಜ ಇಳಿಸುವ ಮುಂಚೆ ನಿಪ್ಪಲ್ ಮೇಲೆ ಕೇಪು ಇಲ್ಲ ಅಂತ ಕಣ್ಣಾರೆ ನೋಡಿ.

ತುಂಬುವ ಕ್ರಮ

1. ನಳಿಗೆಗೆ ಹಚ್ಚಿದ ಎಣ್ಣೆಯನ್ನು ಒಣ ಬಟ್ಟೆಯಿಂದ ಒರೆಸಿ. ಎಣ್ಣೆ ಉಳಿದರೆ ಮದ್ದು ನೆನೆದು ಹೊತ್ತುವುದಿಲ್ಲ.

2. ಖಾಲಿ ಬಂದೂಕಿಗೆ ಒಂದು ಕೇಪು ಇಟ್ಟು, ನಳಿಗೆಯ ಬಾಯಿಯನ್ನು ನೆಲದ ಮೇಲಿನ ಒಂದು ಒಣ ಎಲೆಯ ಹತ್ತಿರ ಹಿಡಿದು ಕುದುರೆ ಬೀಳಿಸಿ. ಎಲೆ ಅಲುಗಿದರೆ ತೂತು ತೆರೆದಿದೆ. ಅಲುಗದಿದ್ದರೆ ಕಟ್ಟಿದೆ, ಸಣ್ಣ ತಂತಿಯಿಂದ ಬಿಡಿಸಿ. ಆಮೇಲೆ ಒಡೆದ ಕೇಪನ್ನು ತೆಗೆದುಹಾಕಿ.

3. ಬಂದೂಕಿನ ಹಿಡಿಯನ್ನು ನೆಲಕ್ಕೆ ಊರಿ, ಬಾಯಿ ನಿಮ್ಮ ಮುಖದಿಂದ ಆಚೆಗೆ ವಾಲಿರಲಿ. ಮದ್ದನ್ನು ಡಬ್ಬಿಯಿಂದಾಗಲಿ ಕೊಂಬಿನಿಂದಾಗಲಿ ನೇರ ಸುರಿಯಬೇಡಿ. ಮೊದಲು ಅಳತೆ ಕೊಳವೆಗೆ ಹಾಕಿ, ಡಬ್ಬಿಯ ಬಾಯಿ ಮುಚ್ಚಿ ದೂರ ಇಟ್ಟು, ಆಮೇಲೆ ಕೊಳವೆಯಿಂದ ನಳಿಗೆಗೆ. ಒಳಗೆ ಕಿಡಿ ಇದ್ದರೂ ಹೊತ್ತುವುದು ಒಂದು ಅಳತೆ ಮಾತ್ರ, ಇಡೀ ಡಬ್ಬಿ ಅಲ್ಲ. ನಮ್ಮಪ್ಪ ಇಷ್ಟು ಮಾಡಿದ್ದರೆ ಬೆರಳು ಉಳಿಯುತ್ತಿತ್ತು.

4. ಮದ್ದಿನ ಮೇಲೆ ದಪ್ಪ ಬಿರಡೆ ಹಾಕಿ ಗಜದಿಂದ ತಳದವರೆಗೆ ದೂಡಿ. ಮದ್ದಿಗೂ ಬಿರಡೆಗೂ ನಡುವೆ ಗಾಳಿ ಇರಬಾರದು. ಮಧ್ಯೆ ಜಾಗ ಬಿಟ್ಟರೆ ಹೊಡೆದಾಗ ನಳಿಗೆ ಅಲ್ಲೇ ಉಬ್ಬುತ್ತದೆ, ಇಲ್ಲಾ ಒಡೆಯುತ್ತದೆ. ಗಜವನ್ನು ಅಂಗೈಯಿಂದ ಒತ್ತಬೇಡಿ, ಪಕ್ಕದಿಂದ ಬೆರಳುಗಳಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸಿ.

5. ಚರೆ ಹಾಕುವುದಿದ್ದರೆ ಅದೇ ಅಳತೆ ಕೊಳವೆಯಲ್ಲಿ ಒಂದು ಅಳತೆ. ಮದ್ದಿಗೂ ಚರೆಗೂ ಅಳತೆ ಒಂದೇ, ಇದು ಹಳಬರ ಲೆಕ್ಕ. ಸೀಸದ ತೂಕ ಜಾಸ್ತಿ, ಆದ್ದರಿಂದ ತಕ್ಕಡಿಯಲ್ಲಿ ಸಮ ಮಾಡಲು ಹೋಗಬೇಡಿ. ಕಂಪನಿಯಲ್ಲಿ ತಯಾರಾದ ಒಳ್ಳೇ 12 ಬೋರಿನ ಕೇಪಿನ ಬಂದೂಕಿಗೆ ಸುಮಾರು 5 ಗ್ರಾಂ ಕರಿಮದ್ದು, ಸುಮಾರು 30 ಗ್ರಾಂ ಚರೆ ಸಾಕು. ನಾಡ ಬಂದೂಕಿನ ನಳಿಗೆ ಒಂದರಂತೆ ಒಂದು ಇರುವುದಿಲ್ಲ. ಅದರ ಅಳತೆಯನ್ನು ರಿಪೇರಿ ಲೈಸೆನ್ಸು ಇರುವವರಿಗೆ ಬಂದೂಕು ತೋರಿಸಿಯೇ ಗೊತ್ತು ಮಾಡಿಕೊಳ್ಳಿ. ಮದ್ದು ಜಾಸ್ತಿ ಹಾಕಿದರೆ ಚರೆ ಜಾಸ್ತಿ ದೂರ ಹೋಗುತ್ತದೆ ಅನ್ನುವುದು ತಪ್ಪು. ಅರ್ಧ ಮದ್ದು ಉರಿಯದೆ ಹೊರಗೆ ಬೀಳುತ್ತದೆ, ಭುಜಕ್ಕೆ ಗುದ್ದು ಬೀಳುತ್ತದೆ.

6. ಚರೆಯ ಮೇಲೆ ತೆಳ್ಳನೆ ರಟ್ಟಿನ ಬಿರಡೆ. ಇದಿಲ್ಲದಿದ್ದರೆ ಬಂದೂಕು ಬಗ್ಗಿಸಿದಾಗ ಚರೆ ಉದುರುತ್ತದೆ, ಇಲ್ಲವೇ ಜರುಗಿ ಮಧ್ಯೆ ನಿಲ್ಲುತ್ತದೆ.

7. ಗಜವನ್ನು ಹೊರಗೆ ತೆಗೆಯಿರಿ. ನಗಬೇಡಿ. ಅವಸರದಲ್ಲಿ ಗಜವನ್ನೇ ಹೊಡೆದವರಿದ್ದಾರೆ. ಎರಡನೇ ಗೆರೆ ನೋಡಿ, ತೆಗೆದು, ಅದರ ಜಾಗಕ್ಕೆ ಸಿಕ್ಕಿಸಿ.

8. ಕೇಪು ಎಲ್ಲಕ್ಕಿಂತ ಕೊನೆಗೆ. ಮನೆಯಲ್ಲಿ ಅಲ್ಲ, ದಾರಿಯಲ್ಲಿ ಅಲ್ಲ, ಹೊಲದಲ್ಲಿ ಕಾವಲಿನ ಜಾಗ ಸೇರಿದ ಮೇಲೆ. ನಳಿಗೆ ಜನ, ದನ, ಮನೆ ಇಲ್ಲದ ಕಡೆಗೆ ಇರಲಿ. ಕುದುರೆಯನ್ನು ಅರ್ಧ ಎತ್ತಿ ಕೇಪು ಕೂರಿಸಿ. ಅದು ನಿಪ್ಪಲ್ಲಿಗೆ ಬಿಗಿಯಾಗಿ ಕೂರಬೇಕು. ಹಳೇ ಬಂದೂಕಿನಲ್ಲಿ ಅರ್ಧದ ಹಲ್ಲು ಸವೆದಿರುತ್ತದೆ, ಅದನ್ನು ನಂಬಿ ನಡೆದಾಡಬೇಡಿ. ಜಾಗ ಬದಲಾಯಿಸುವುದಿದ್ದರೆ ಕೇಪು ತೆಗೆದೇ ಹೋಗಿ.

ಕೇಪು ಒಡೆದಾಗ ತಾಮ್ರದ ಚೂರು ಹಾರುತ್ತದೆ. ನಾನು ಓದುವ ಕನ್ನಡಕ ಹಾಕಿಕೊಂಡೇ ಹೊಡೆಯುತ್ತೇನೆ. ವಯಸ್ಸಿಗೆ ಬಂದ ಕನ್ನಡಕ ಇದಕ್ಕೂ ಬಂತು.

ಕೇಪು ಸಿಡಿಯಿತು, ಈಡು ಹಾರಲಿಲ್ಲ

ಇದು ಎಲ್ಲರಿಗೂ ಆಗುತ್ತದೆ. ಆಗ ಮಾಡುವ ಕೆಲಸ ಒಂದೇ: ಬಂದೂಕನ್ನು ಹಾಗೇ, ಅದೇ ದಿಕ್ಕಿಗೆ ಹಿಡಿದು ನಿಲ್ಲಿ. ಮನಸ್ಸಿನಲ್ಲಿ ಅರವತ್ತು ಎಣಿಸಿ. ತೇವದ ಮದ್ದು ಒಳಗೇ ಹೊಗೆಯಾಡಿ ತಡವಾಗಿ ಹೊತ್ತಬಹುದು. ಕೂಡಲೇ ಬಾಯಿಯೊಳಗೆ ಇಣುಕಿ ನೋಡುವವನ ಗತಿ ಹೇಳಬೇಕಿಲ್ಲ. ಅರವತ್ತಾದ ಮೇಲೆ ಒಡೆದ ಕೇಪು ತೆಗೆದು, ತೂತು ಚುಚ್ಚಿ, ಹೊಸ ಕೇಪು ಇಟ್ಟು ಅದೇ ದಿಕ್ಕಿಗೆ ಹೊಡೆಯಿರಿ. ಎರಡು ಮೂರು ಸಲಕ್ಕೂ ಹಾರದಿದ್ದರೆ ಕೇಪು ತೆಗೆದಿಟ್ಟು, ಬೆಳಗಾದ ಮೇಲೆ ರಿಪೇರಿಯವರಲ್ಲಿಗೆ ಒಯ್ದು ಈಡು ತೆಗೆಸಿ. ಬೆಂಕಿ ಕಾಯಿಸಿ ತೆಗೆಯುತ್ತೇನೆ, ಕಬ್ಬಿಣ ಬಡಿದು ತೆಗೆಯುತ್ತೇನೆ ಅನ್ನುವ ಸಾಹಸ ಬೇಡ.

ಎರಡನೇ ಈಡಿಗೆ ಅವಸರ ಬೇಡ

ಕರಿಮದ್ದು ಪೂರ್ತಿ ಹೊಗೆಯಾಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕರಿ ಬೂದಿಯಾಗಿ, ಹೊಗೆಯ ಜೊತೆಗೆ ಹಾರಿ, ನಳಿಗೆಯ ಗೋಡೆಗೂ ಅಂಟುತ್ತದೆ. ಅದರೊಳಗೆ ಬಿರಡೆಯ ನಾರು ಸಿಕ್ಕಿ ಕೆಂಡವಾಗಿ ಉಳಿಯಬಹುದು. ಆದ್ದರಿಂದ ಒಂದು ಈಡು ಆದ ಮೇಲೆ ಗಜಕ್ಕೆ ಒದ್ದೆ ಬಟ್ಟೆ ಸುತ್ತಿ ತಳದವರೆಗೆ ಇಳಿಸಿ ಎಳೆಯಿರಿ. ಆಮೇಲೆ ಒಣ ಬಟ್ಟೆ. ಐದು ನಿಮಿಷ ಬಿಡಿ. ಆಮೇಲೆ ಮದ್ದು. ಅಷ್ಟರಲ್ಲಿ ಹಂದಿ ಬಂದರೆ ಡಬ್ಬ ಬಡಿಯಿರಿ, ಕೂಗು ಹಾಕಿ.

ಬಯಲುಸೀಮೆಯವರಿಗೆ ಇನ್ನೊಂದು ಮಾತು. ತೆಂಗಿನ ನಾರು, ಕಾಗದ, ಬಟ್ಟೆಯ ಬಿರಡೆ ಹೊತ್ತಿಕೊಂಡೇ ಹೊರಗೆ ಬೀಳುತ್ತದೆ. ಕಾರ್ತಿಕ ಕಳೆದ ಮೇಲೆ ನಮ್ಮ ಹೊಲ, ಬದು, ಬಣವೆ ಎಲ್ಲ ಒಣಗಿದ ಹುಲ್ಲು. ಹೊಡೆದ ಮೇಲೆ ಮುಂದಿನ ಇಪ್ಪತ್ತು ಹೆಜ್ಜೆ ನಡೆದು ನೋಡಿ, ಬಿರಡೆ ತುಳಿದು ಆರಿಸಿ. ಒಂದು ಹಂದಿ ತಿನ್ನುವುದಕ್ಕಿಂತ ಒಂದು ಕಿಡಿ ತಿನ್ನುವುದು ಜಾಸ್ತಿ.

ರಿವಾಲ್ವರಿಗೂ ಇದೇ ಪಾಠ

ಮಗನ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಅಮೆರಿಕದಲ್ಲಿ ನನ್ನ ವಯಸ್ಸಿನವರೊಬ್ಬರು ರಿವಾಲ್ವರಿಗೆ ಕೇಪು ಇಡುತ್ತಿದ್ದಾರೆ! ವಿಚಾರಿಸಿ ತಿಳಿದುಕೊಂಡೆ. ಸ್ಯಾಮ್ಯುಯೆಲ್ ಕೋಲ್ಟ್ ಅನ್ನುವವರು ತಿರುಗುವ ಗಾಲಿಯ ಕೈಬಂದೂಕಿಗೆ 1836ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಅವರ 1851ರ ನೇವಿ, 1860ರ ಆರ್ಮಿ ಮಾದರಿಗಳು ಅಲ್ಲಿನ ಅಂತರ್ಯುದ್ಧದಲ್ಲಿ ಓಡಾಡಿದವು. ಅದೇ ಅಚ್ಚಿನ ಹೊಸ ರಿವಾಲ್ವರುಗಳನ್ನು ಇಟಲಿಯ ಬ್ರೆಶಾ ಸೀಮೆಯಲ್ಲಿ ಊಬೆರ್ಟಿ, ಪಿಯೆಟ್ಟಾ ಮುಂತಾದ ಕಂಪನಿಗಳು ಇವತ್ತಿಗೂ ಮಾಡುತ್ತವೆ. ಅಲ್ಲಿನವರು ಗುರಿ ಹೊಡೆಯುವ ಆಟಕ್ಕೆ ಇಟ್ಟುಕೊಳ್ಳುತ್ತಾರೆ.

ಅದರ ಗಾಲಿಯಲ್ಲಿ ಆರು ಗೂಡು. ಒಂದೊಂದು ಗೂಡಿಗೂ ಮುಂದಿನಿಂದ ಅಳತೆ ಮದ್ದು, ಮೇಲೆ ಸೀಸದ ಗುಂಡು. ಗುಂಡು ಗೂಡಿಗಿಂತ ಒಂದು ಕೂದಲೆಳೆ ದಪ್ಪ. ನಳಿಗೆಯ ಕೆಳಗಿನ ಸನ್ನೆಕೋಲಿನಿಂದ ಒತ್ತಿದಾಗ ಅಂಚಿನ ಸೀಸ ಉಂಗುರದ ಹಾಗೆ ಕತ್ತರಿಸಿ ಬಂದು ಗುಂಡು ಬಿಗಿಯಾಗಿ ಕೂರುತ್ತದೆ. ಗುಂಡಿನ ಮೇಲೆ ಗ್ರೀಸು ಬಳಿಯುತ್ತಾರೆ. ಹಿಂದಿನಿಂದ ಆರು ನಿಪ್ಪಲ್ಲಿಗೆ ಕೇಪು, ಅದೂ ಕೊನೆಗೆ. ಗುಂಡು ಸಡಿಲ ಇದ್ದರೆ, ಕೇಪು ಸಡಿಲ ಇದ್ದರೆ, ಒಂದು ಗೂಡಿನ ಬೆಂಕಿ ಪಕ್ಕದ ಗೂಡಿಗೆ ಹಬ್ಬಿ ಎರಡು ಮೂರು ಒಟ್ಟಿಗೆ ಹಾರುತ್ತವೆ. ತಿಳಿದವರು ಐದು ಗೂಡು ಮಾತ್ರ ತುಂಬಿ, ಕುದುರೆಯನ್ನು ಖಾಲಿ ಗೂಡಿನ ಮೇಲೆ ಇಳಿಸಿ ಇಡುತ್ತಾರೆ. ಕೈಜಾರಿ ಬಿದ್ದರೂ ಹಾರಬಾರದು ಅಂತ. ಮದ್ದು ಅಳತೆಯಲ್ಲಿ, ಗಾಳಿ ಬಿಡದೆ ಒತ್ತು, ಕೇಪು ಕೊನೆಗೆ, ಬಿಸಿನೀರಲ್ಲಿ ತೊಳೆ. ಊರು ಬೇರೆ, ಪಾಠ ಒಂದೇ.

ಕಾನೂನು ಮಾತ್ರ ಒಂದೇ ಅಲ್ಲ. ಅಮೆರಿಕದ ಕೇಂದ್ರ ಕಾನೂನು ಇಂಥ ಹಳೇ ಮಾದರಿಯನ್ನು ಸಾಮಾನ್ಯ ಬಂದೂಕಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮಲ್ಲಿ ಹೊಡೆಯಲು ಬರುವ ಕೇಪಿನ ಬಂದೂಕಾಗಲಿ ರಿವಾಲ್ವರಾಗಲಿ, ಲೈಸೆನ್ಸು ಬೇಕೇ ಬೇಕು.

ಕತ್ತಲಲ್ಲಿ ಸದ್ದಿಗೆ ಹೊಡೆಯಬೇಡಿ

ಇದನ್ನು ಬರೆಯುವಾಗ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆರೇಳು ವರ್ಷದ ಹಿಂದೆ, ಅಮಾವಾಸ್ಯೆ ಹತ್ತಿರ. ಕಡಲೇಕಾಯಿ ಕೀಳುವ ಕಾಲ. ಅಟ್ಟಣೆಯಲ್ಲಿ ಕೂತಿದ್ದೆ, ತುಂಬಿದ ಬಂದೂಕು ತೊಡೆಯ ಮೇಲೆ. ಮೂಡಲ ಬದುವಿನ ಲಂಟಾನದಲ್ಲಿ ಸರಸರ ಸದ್ದು. ನಿಂತಿತು. ಮತ್ತೆ ಸರಸರ. ಕುದುರೆ ಎತ್ತಿದೆ. ಗುರಿಯನ್ನೂ ಇಟ್ಟೆ. ಯಾಕೋ ಎಡಗೈ ಬ್ಯಾಟರಿಗೆ ಹೋಯಿತು. ಬೆಳಕು ಬಿದ್ದ ಕೂಡಲೇ, "ಅಣ್ಣೋ, ನಾನು ಕಣಣ್ಣೋ!" ಅಂತ ಕೂಗು. ಪಕ್ಕದ ಹೊಲದ ಹುಡುಗ. ರಾತ್ರಿ ಒಂದು ಗಂಟೆಗೆ ತ್ರೀಫೇಸ್ ಕರೆಂಟು ಬಂದಿದೆ ಅಂತ ಮೋಟಾರು ಹಾಕಲು ಹೊರಟಿದ್ದ. ಅವನ ಬ್ಯಾಟರಿ ಕೆಟ್ಟಿತ್ತು.

ಆ ರಾತ್ರಿ ಇಬ್ಬರೂ ಮಾತಾಡಲಿಲ್ಲ. ಬೆಳಗಿನ ತನಕ ಒಂದೇ ಕಂಬಳಿ ಹೊದ್ದು ಕೂತಿದ್ದೆವು.

ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊಲದಲ್ಲಿ ಓಡಾಡುವುದು ಹಂದಿ ಮಾತ್ರ ಅಲ್ಲ. ಕರೆಂಟಿಗೆ ಕಾಯುವವರು, ಕುರಿ ಹಟ್ಟಿಯವರು, ಹೊರಕಡೆಗೆ ಹೋಗುವ ಹೆಂಗಸರು ಇರುತ್ತಾರೆ. ಕಣ್ಣಿಗೆ ಕಾಣದ್ದಕ್ಕೆ ಹೊಡೆಯಬೇಡಿ. ಕಂಡದ್ದರ ಹಿಂದೆ ಏನಿದೆ ಅಂತ ಗೊತ್ತಿಲ್ಲದೆಯೂ ಹೊಡೆಯಬೇಡಿ. ನಾನು ಅವತ್ತಿನಿಂದ ಚರೆ ಹಾಕುವುದನ್ನೇ ಬಿಟ್ಟೆ. ಮದ್ದು, ಮೇಲೆ ಬಿರಡೆ ಅಷ್ಟೇ. ಸದ್ದಿಗೆ ಹಂದಿ ಓಡುತ್ತದೆ. ಬರೀ ಸದ್ದಿನ ಈಡೂ ಹತ್ತಿರದಲ್ಲಿ ಕಣ್ಣು ಕಳೆಯುತ್ತದೆ, ಮೈ ಸುಡುತ್ತದೆ. ಅದನ್ನೂ ಮನುಷ್ಯರ ಕಡೆಗೆ ತಿರುಗಿಸಕೂಡದು.

ಅದೇ ದಿನ ತೊಳೆಯಿರಿ

ಕರಿಮದ್ದಿನ ಬೂದಿ ಉಪ್ಪಿನ ಹಾಗೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎರಡು ದಿನ ಬಿಟ್ಟರೆ ನಳಿಗೆಯೊಳಗೆ ತುಕ್ಕು. ತುಕ್ಕು ತಿಂದ ನಳಿಗೆ ಮುಂದೊಂದು ದಿನ ಒಡೆಯುವ ನಳಿಗೆ. ಖಾಲಿ ಅಂತ ಗಜ ಇಳಿಸಿ ಖಾತ್ರಿ ಮಾಡಿಕೊಂಡು, ನಿಪ್ಪಲ್ ಬಿಚ್ಚಿ, ಕುದಿಯುವ ನೀರಿಗೆ ಸ್ವಲ್ಪ ಸೋಪು ಹಾಕಿ ನಳಿಗೆಗೆ ಸುರಿಯಿರಿ. ಬಟ್ಟೆ ಸುತ್ತಿದ ಗಜದಿಂದ ಉಜ್ಜಿ. ಮೊದಲು ಕರಿ ನೀರು, ಕೊಳೆತ ಮೊಟ್ಟೆಯ ವಾಸನೆ. ಅದು ಗಂಧಕದ್ದು, ಗಾಬರಿ ಬೇಡ. ತಿಳಿನೀರು ಬರುವ ತನಕ ತೊಳೆಯಿರಿ. ಬಿಸಿ ನೀರಿಗೆ ಕಬ್ಬಿಣ ಕಾದು ತಾನೇ ಒಣಗುತ್ತದೆ. ಬಟ್ಟೆಯಿಂದ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ನಿಪ್ಪಲ್ಲಿನ ಮರೆಗೂ ಒಂದು ಹನಿ ಎಣ್ಣೆ, ಇಲ್ಲದಿದ್ದರೆ ಮುಂದಿನ ಸಲ ಬಿಚ್ಚಲು ಬರುವುದಿಲ್ಲ. ಮರದ ಭಾಗಕ್ಕೆ ನೀರು ತಾಗಿಸಬೇಡಿ.

ಕಾಗದ ಪತ್ರ

ಬಂದೂಕಿನ ಲೈಸೆನ್ಸು 1959ರ ಆಯುಧ ಕಾಯ್ದೆ, 2016ರ ಆಯುಧ ನಿಯಮಗಳ ಪ್ರಕಾರ. 2019ರ ತಿದ್ದುಪಡಿಯ ನಂತರ ಅವಧಿ ಮೂರು ವರ್ಷದ ಬದಲು ಐದು ವರ್ಷ ಆಗಿದೆ. ಅಪ್ಪ ತೀರಿಕೊಂಡರೆ ಬಂದೂಕು ತಾನಾಗಿ ಮಗನದಾಗುವುದಿಲ್ಲ. ವಾರಸುದಾರರು ಅರ್ಜಿ ಕೊಡಬೇಕು. ಲೈಸೆನ್ಸುದಾರರಿಗೆ 70 ವರ್ಷ ಆದರೆ ಅಥವಾ ಬಂದೂಕು ಇಟ್ಟು 25 ವರ್ಷ ಆದರೆ ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಲು ನಿಯಮದಲ್ಲಿ ದಾರಿ ಇದೆ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಇದೆ. ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. ಅದು ನಮಗೆ ಅನ್ವಯಿಸುವುದಿಲ್ಲ.

ಮದುವೆ, ಜಾತ್ರೆಯಲ್ಲಿ ಸಂತೋಷಕ್ಕೆ ಅಂತ ಗಾಳಿಯಲ್ಲಿ ಹೊಡೆದು ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ, ಅಥವಾ ಎರಡೂ.

ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು ಹೇಳುತ್ತಾರೆ. ಖಾಲಿ ಮಾಡಿ, ತೊಳೆದು, ಚೆನ್ನಾಗಿ ಎಣ್ಣೆ ಹಚ್ಚಿ ಕೊಡಿ. ರಸೀದಿ ಪಡೆಯಿರಿ. ಒಮ್ಮೆ ನಾನು ಎಣ್ಣೆ ಹಚ್ಚದೆ ಕೊಟ್ಟು, ತುಕ್ಕು ಹಿಡಿದ ನಳಿಗೆಯನ್ನು ವಾಪಸ್ ತಂದೆ.

ಇನ್ನು ಮುಖ್ಯವಾದದ್ದು. ಬೆಳೆ ರಕ್ಷಣೆಯ ಲೈಸೆನ್ಸು ಅಂದರೆ ಪ್ರಾಣಿ ಕೊಲ್ಲುವ ಅಪ್ಪಣೆ ಅಲ್ಲ. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿ ಕಾಡುಹಂದಿಯೂ ಇದೆ. ಅದನ್ನು ಹೊಡೆಯಲೂ ಅಧಿಕಾರ ಇರುವ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಕೃಷ್ಣಮೃಗ, ಕರಡಿ, ನವಿಲು ಮೊದಲನೇ ಪಟ್ಟಿಯವು, ಅವುಗಳ ಶಿಕ್ಷೆ ಇನ್ನೂ ಕಠಿಣ. ಅಭಯಾರಣ್ಯದ ಒಳಗೆ ಅಪ್ಪಣೆ ಇಲ್ಲದೆ ಬಂದೂಕು ಹಿಡಿದು ಕಾಲಿಡುವುದೇ ಅಪರಾಧ. ಬೆಳೆ ಹಾಳಾದರೆ ಫೋಟೋ ತೆಗೆದು, ಪಹಣಿ ಇಟ್ಟು, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ.

ಕೊನೆಗೆ

ಬಂದೂಕಿನಿಂದ ಬೆಳೆ ಉಳಿಯುತ್ತದೆಯೇ ಅಂತ ಕೇಳಿದರೆ, ಅದೊಂದರಿಂದಲೇ ಉಳಿಯುವುದಿಲ್ಲ. ಸದ್ದಿಗೆ ಹಂದಿ ಒಂದು ರಾತ್ರಿ ಓಡುತ್ತದೆ, ನಾಲ್ಕನೇ ರಾತ್ರಿ ಬರುತ್ತದೆ. ನಮ್ಮಲ್ಲಿ ಈಗ ಐದು ಮನೆಯವರು ಸರದಿಯಲ್ಲಿ ಕಾವಲು ಕಾಯುತ್ತೇವೆ. ಎರಡು ನಾಯಿ, ಒಂದು ಡಬ್ಬ, ಒಳ್ಳೇ ಬ್ಯಾಟರಿ. ಮೋಟಾರಿಗೆ ಹೋಗುವವರು ಕೂಗಿಯೇ ಬರುತ್ತಾರೆ. ಹೀಗೆ ಮಾಡಿದ ಮೇಲೆ ಕಳೆದ ಸುಗ್ಗಿಯಲ್ಲಿ ನಾನು ಹೊಡೆದದ್ದು ನಾಲ್ಕೇ ಈಡು.

ನನ್ನ ಮೊಮ್ಮಗನಿಗೆ ಎಂಟು ವರ್ಷ. ಬಂದೂಕು ಮುಟ್ಟಲು ಬಿಡುವುದಿಲ್ಲ, ಪೆಟ್ಟಿಗೆಯ ಬೀಗದ ಕೈ ನನ್ನ ಉಡಿದಾರದಲ್ಲೇ ಇದೆ. ಆದರೆ ಗಜ ತೋರಿಸಿ ಕೇಳಿದೆ, "ಯಾವ ಗೆರೆ ಬಂದರೆ ಖಾಲಿ?" "ಮೊದಲನೇದು ತಾತಾ" ಅಂದ. ಸರಿಯಾಗಿಯೇ ಹೇಳಿದ. "ಆದ್ರೂ ಇನ್ನೊಂದು ಸಲ ನೋಡು ತಾತಾ" ಅಂತಲೂ ಅಂದ. ಅವನ ಎರಡು ಹೆಬ್ಬೆರಳನ್ನೂ ಹಿಡಿದು ನೋಡಿದೆ.